ಜುಶಿ ಕಡಲಿಗೆ ಹೋದ ಕುಕ್ಕರ್ ವೇಟು

ನಮ್ಮ ಆಫೀಸಿನ ಜಪಾನೀ ಹುಡುಗಿಯೊಬ್ಬಳು ಸೋಮವಾರ ಬಂದ ಕೂಡಲೇ ತಾನು ಒಬ್ಬಳೇ ಎಲ್ಲೆಲ್ಲಿ ಸುತ್ತಿ ಬಂದೆ ಅಂತ ಹೇಳುತ್ತಿದ್ದಳು. ಯಾರ ಜೊತೆ ಹೋಗಿದ್ದೆ ಅಂತ ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಓಜಿಮಾದ ಮನೆಯಿಂದ ಮಿನಾಟೋದ ಆಫೀಸಿಗೆ ನಾನೂ ದಿನಾ ಒಬ್ಬಳೇ ಹೋಗಿಬರುತ್ತೇನೆ, ಆದರೆ ಅದನ್ನು ಯಾರೂ ಪ್ರವಾಸ ಅನ್ನುವುದಿಲ್ಲ. ಗಂಡ, ಮಗಳು, ನೀರಿನ ಬಾಟಲಿ, ತಿಂಡಿಯ ಚೀಲ ಇವಿಷ್ಟೂ ಇಲ್ಲದೆ ನಾನು ಈ ಜಪಾನಿನಲ್ಲಿ ಎಲ್ಲಿಗೂ ಹೋದವಳಲ್ಲ.

ಹೋದ ವರ್ಷ ಅಕ್ಟೋಬರಿನ ಒಂದು ಶನಿವಾರ, ಜುಶಿಯ ಕಡಲಿಗೆ ಒಬ್ಬಳೇ ಹೋಗಿ ಸೂರ್ಯ ಮುಳುಗುವುದನ್ನು ನೋಡಿಕೊಂಡೇ ಬರುತ್ತೇನೆ ಅಂತ ಮನೆಯಲ್ಲಿ ಘೋಷಿಸಿದೆ. ಗಂಡ ಆಗಲಿ ಅಂದ, ಆದರೆ ಮಧ್ಯಾಹ್ನದೊಳಗೆ ವಾಪಸ್ ಬರ್ತಾಳೆ ಅನ್ನುವ ನಗು ಅವನ ಮುಖದಲ್ಲೇ ಇತ್ತು. ಮಗಳು "ಅಲೋನ್? ವೈ?" ಅಂದಳು. ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹೊರಗಿನ ಊಟ ಮುಟ್ಟದ ಹೆಂಗಸು. ತನ್ನನ್ನು ಬಿಟ್ಟು ಸೊಸೆ ಷೋಕಿಗೆ ಹೊರಟಳು ಅಂದುಕೊಂಡಿರಬೇಕು ಅಂತ ನನಗೆ ಅಳುಕು. ಆದರೂ ಈ ಸಲ ಸಂಜೆಯವರೆಗೆ ಇರದಿದ್ದರೆ ಇನ್ನೆಂದೂ ಆಗುವುದಿಲ್ಲ ಅಂತ ಗೊತ್ತಿದ್ದರಿಂದ ಹಟ ಹಿಡಿದು ಹೊರಟೆ.

ಒಂದೇ ಕಡೆ ರೈಲು ಬದಲಾಯಿಸಿದರೆ ಸಾಕು, ಅಲ್ಲಿಂದ ನೇರ ಜುಶಿ. ಕಿಟಕಿ ಪಕ್ಕದ ಸೀಟು ನನ್ನದೇ. ದಾರಿಯುದ್ದಕ್ಕೂ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಡಲು ಕಂಡಾಗ ಅಬ್ಬಾ ಅಂತ ಗಟ್ಟಿಯಾಗಿಯೇ ಅಂದುಬಿಟ್ಟೆ. ಅಂಗಿ ತೊಟ್ಟ ನಾಯಿಯೊಂದನ್ನು ಹಿಡಿದುಕೊಂಡು ಬರುತ್ತಿದ್ದ ಮುದುಕರು ತಿರುಗಿ ನೋಡಿದರು, ಸುಮಿಮಾಸೆನ್, ಕ್ಷಮಿಸಿ ಅಂದೆ. ಸಲ್ವಾರ್ ಮಡಚಿಕೊಂಡು ಕಾಲು ಜೋಮು ಹಿಡಿಯುವಷ್ಟು ಹೊತ್ತು ನೀರಿನಲ್ಲಿ ನಿಂತೆ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಒಬ್ಬಳೇ ನಗುತ್ತಿದ್ದೆ.

ಹಸಿವಾದಾಗ ಮರಳಿನ ಮೇಲೆ ಟವೆಲ್ ಹಾಸಿ ಮೊಸರನ್ನ ಬಿಚ್ಚಿದೆ. ಉಪ್ಪಿನಕಾಯಿಯ ಪುಟ್ಟ ಸ್ಟೀಲ್ ಡಬ್ಬಿ ತೆರೆದರೆ ಒಳಗೆ ನಮ್ಮ ಕುಕ್ಕರಿನ ವೇಟು. ಅದು ಕಳೆದುಹೋದರೆ ಇಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ಯಾರಾದರೂ ಬರುವವರೆಗೆ ಕಾಯಬೇಕು. ಹಾಗಾಗಿ ಜೋಪಾನವಾಗಿ ಅಂಥದೇ ಇನ್ನೊಂದು ಡಬ್ಬಿಯಲ್ಲಿ ಹಾಕಿಡುವವಳು ನಾನೇ. ಬೆಳಗಿನ ಗಡಿಬಿಡಿಯಲ್ಲಿ ಡಬ್ಬಿ ಅದಲುಬದಲಾಗಿತ್ತು.

ಅಷ್ಟರಲ್ಲಿ ಫೋನು. ಅಡುಗೆಮನೆ ತಲೆಕೆಳಗು ಮಾಡಿದರೂ ವೇಟು ಸಿಗುತ್ತಿಲ್ಲ ಅಂತ ಗಂಡ. ನನ್ನ ಕೈಯಲ್ಲೇ ಇದೆ ಅಂದೆ.

"ಹಾಗಾದ್ರೆ ಎಷ್ಟು ಹೊತ್ತಿಗೆ ಬರ್ತೀಯಾ?" ಅಂತ ಬೆಣ್ಣೆಯಂಥ ದನಿಯಲ್ಲಿ ಕೇಳಿದ.

ನನಗೆ ಮೈಯೆಲ್ಲ ಉರಿಯಿತು. ದೊಡ್ಡ ದೊಡ್ಡ ಕಂಪ್ಯೂಟರ್ ಸರ್ವರುಗಳನ್ನು ಸಂಭಾಳಿಸುವ ಮನುಷ್ಯನಿಗೆ ಒಂದು ಪಾವು ಅಕ್ಕಿ ಬೇಯಿಸಲು ಹೆಂಡತಿಯೇ ರೈಲು ಹತ್ತಬೇಕೆ? ಬರುವುದಿಲ್ಲ ಅನ್ನಲು ಬಾಯಿ ತೆರೆದೆ. ಆದರೆ ಅತ್ತೆ ಹಸಿದು ಕೂತಿರುವುದು ಕಣ್ಣಿಗೆ ಬಂತು. ಇನ್ನೊಂದು ಕೈ ಆಗಲೇ ಚಪ್ಪಲಿಯ ಮರಳು ಕೊಡವುತ್ತಿತ್ತು. ನನ್ನ ದಿನ ಮುಗಿಯಿತು ಅಂದುಕೊಂಡೆ. ಆಗ ಆ ಕಡೆ ಅತ್ತೆ ಮಗನ ಕೈಯಿಂದ ಫೋನು ಕಿತ್ತುಕೊಂಡರು.

"ಅನ್ನ ಮಾಡೋಕೆ ವೇಟ್ ಯಾಕೆ ಬೇಕು? ನಾನು ಬಸೀತೀನಿ. ನೀನು ಕೂತ್ಕೋ, ಸೂರ್ಯ ಮುಳುಗಿದ ಮೇಲೇ ಬಾ."

ಅಷ್ಟು ಹೇಳಿ ಇಟ್ಟೇಬಿಟ್ಟರು. ನನಗೆ ಅಳು ಬಂತು, ಸಂತೋಷಕ್ಕೇ. ಉಪ್ಪಿನಕಾಯಿ ಇಲ್ಲದ ಮೊಸರನ್ನವೂ ಅವತ್ತು ರುಚಿಯಾಗಿತ್ತು. ಗಾಳಿಗೆ ಕಾಗದದ ಕರವಸ್ತ್ರ ಹಾರದ ಹಾಗೆ ಅದರ ಮೇಲೆ ಕುಕ್ಕರ್ ವೇಟನ್ನೇ ಇಟ್ಟುಕೊಂಡು ಕೂತೆ. ಸಂಜೆ ಫುಜಿ ಬೆಟ್ಟದ ಕಪ್ಪು ಅಂಚು ಕಾಣಿಸಿತು, ಸೂರ್ಯ ಮುಳುಗಿದ, ದಡದಲ್ಲಿದ್ದವರೆಲ್ಲ ನಿಂತು ನೋಡಿದೆವು.

ಮನೆಗೆ ಬಂದರೆ ಗಂಡ ಪಾತ್ರೆ ತೊಳೆಯುತ್ತಿದ್ದ. ಬಸಿದ ಗಂಜಿಗೆ ಉಪ್ಪು, ಬೆಣ್ಣೆ ಹಾಕಿಸಿಕೊಂಡು ಮಗಳು ಎರಡು ಲೋಟ ಕುಡಿದಳಂತೆ. ನಾನಿಲ್ಲದೆ ಮನೆ ಬಿದ್ದುಹೋಗಿರಲಿಲ್ಲ ಅನ್ನುವುದು ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ವೇಟನ್ನು ಅದರ ಜಾಗದಲ್ಲಿ ಇಡುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಕೂರಲು ಬೆಂಚಿದೆಯೇ, ಶೌಚಾಲಯ ಹತ್ತಿರವೇ, ರೈಲು ಎಲ್ಲಿ ಬದಲಾಯಿಸಬೇಕು ಅಂತೆಲ್ಲ ವಿಚಾರಿಸಿದರು. ಮುಂದಿನ ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿದರು, ಮಗನಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ನೀನು ಬರಬೇಡ. ಎಪ್ಪತ್ತು ವರ್ಷ ಆಯ್ತು, ನಾನೂ ಒಬ್ಬಳೇ ಎಲ್ಲಿಗೂ ಹೋಗಿಲ್ಲ."

ವಾರವಿಡೀ ಅವರಿಗೆ ದಾರಿ ಬಾಯಿಪಾಠ ಮಾಡಿಸಿದೆ. ಶನಿವಾರ ಬೆಳಿಗ್ಗೆ ಓಜಿಮಾ ಸ್ಟೇಷನ್ನಿನಲ್ಲಿ ನನ್ನ ರೈಲಿನ ಕಾರ್ಡು ಕೊಟ್ಟೆ, ಮೊಸರನ್ನ ಕೊಟ್ಟೆ, ಪುಟ್ಟ ಡಬ್ಬಿಯನ್ನು ತೆರೆದು ಉಪ್ಪಿನಕಾಯಿಯೇ ಹೌದು ಅಂತ ನೋಡಿ ಅದನ್ನೂ ಕೊಟ್ಟೆ. ಗೇಟು ದಾಟಿದ ಮೇಲೆ ಅತ್ತೆ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.