ಹಿಡಿಯುವ ಕಾಲು, ಜಾರುವ ಕಾಲು

ಮೇ ತಿಂಗಳ ಕೊನೆಯ ಭಾನುವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಮುಂಬಯಿಯ ಜೋಗೇಶ್ವರಿ ಪೂರ್ವದ ನಮ್ಮ ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿ. ಹಾಜರಿದ್ದವರು ಪೇಂಟರ್ ಮಲ್ಲಪ್ಪ, ಅವರನ್ನು ಕರೆದೊಯ್ಯಲು ದಹಿಸರಿನಿಂದ ಬಂದಿದ್ದ ಅವರ ತಂಗಿಯ ಮಗಳು ಸುವರ್ಣಾ, ಮತ್ತು ನಾನು. ನನ್ನದು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಆಯುಷ್ಯವಿಡೀ ಡ್ಯೂಟಿ ರಿಪೋರ್ಟ್ ಬರೆದ ಕೈ. ಏನು ಹೇಳಹೊರಟರೂ ದಿನ, ಗಂಟೆ, ಇದ್ದವರ ಹೆಸರು ಮೊದಲು ಬರುತ್ತದೆ.

ಮಲ್ಲಪ್ಪ ಹೊಸ್ತಿಲಿನ ಒಳಗೆ, ಬಾಗಿಲ ಚೌಕಟ್ಟನ್ನು ಎರಡೂ ಕೈಗಳಲ್ಲಿ ಅಮುಕಿ ಹಿಡಿದು ನಿಂತಿದ್ದರು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಇದೇ ಕೈಗಳು ಒಂದು ಕಾಲಕ್ಕೆ ಮುಂಬಯಿಯ ಟವರುಗಳ ಹೊರಗೋಡೆಗೆ ಬಣ್ಣ ಬಳಿದಿದ್ದವು. ಎರಡು ಹಗ್ಗ, ಒಂದು ಹಲಗೆ, ಪಕ್ಕದಲ್ಲಿ ತೂಗುವ ಬಣ್ಣದ ಡಬ್ಬಿ, ಕೆಳಗೆ ಇಪ್ಪತ್ತು ಮಹಡಿಯಷ್ಟು ಬರೀ ಗಾಳಿ. ಆ ಹಲಗೆಯ ಮೇಲೆಯೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರಂತೆ. ಕಿಟಕಿಯೊಳಗಿನಿಂದ ಯಾರಾದರೂ ಚಹಾ ಕೊಟ್ಟರೆ ತೂಗಾಡುತ್ತಲೇ ಕುಡಿದು ಕಪ್ಪು ಹಿಂದಿರುಗಿಸುತ್ತಿದ್ದರಂತೆ. ಅಂಥವರ ಮುಂದೆ ಈಗ ಇದ್ದದ್ದು ಮೂರು ಮಹಡಿಯ ಮೆಟ್ಟಿಲು ಮಾತ್ರ. ಕಳೆದ ಮಳೆಗಾಲದಿಂದ ಅವರು ಆ ಹೊಸ್ತಿಲು ದಾಟಿರಲಿಲ್ಲ. ಆ ದಿನ ದಾಟಲೇಬೇಕಿತ್ತು.

ಮಲ್ಲಪ್ಪ ವಿಜಯಪುರದ ಕಡೆಯವರು. ಮದುವೆಯಾಗಲಿಲ್ಲ. ಜಗತ್ತನ್ನು ಅವರು ನೋಡುತ್ತಿದ್ದದ್ದು ಪೇಂಟ್ ಕಂಪೆನಿಯ ಶೇಡ್ ಕಾರ್ಡಿನ ಮೂಲಕ. ನನಗೆ ಜ್ವರ ಬಂದಿದ್ದರೆ, "ಸಿಸ್ಟರ್, ಇವತ್ತ ಮಾರಿ ಯಾಕ ಆಫ್-ವೈಟ್ ಆಗೈತ್ರಿ?" ಎನ್ನುವರು. ಬಿಲ್ಡಿಂಗಿನ ಸೆಕ್ರೆಟರಿಯ ಸಿಟ್ಟಿಗೆ ಅವರಿಟ್ಟ ಹೆಸರು ರೆಡ್ ಆಕ್ಸೈಡ್. ಮೊದಲ ಕೋಟ್ ಒಣಗುವ ಮುಂಚೆ ಎರಡನೆಯದು ಹಚ್ಚುವವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮಾತಿನಲ್ಲೂ ಹಾಗೆಯೇ. ಒಂದು ಹೇಳಿ, ಅದು ಒಣಗುವವರೆಗೆ ಸುಮ್ಮನಿರುವರು.

ಕಳೆದ ಮಳೆಗಾಲದ ಕೊನೆಗೆ ಬಿಲ್ಡಿಂಗಿನ ನೀರಿನ ಟಾಕಿ ತುಂಬಿ ಮೆಟ್ಟಿಲ ಮೇಲೆ ಹರಿದಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಜಾರಿ ಬಿದ್ದು ಅವರ ತೊಡೆಯ ಎಲುಬು ಮುರಿಯಿತು. ಆಪರೇಶನ್ ಆಯಿತು, ಸ್ಟ್ರೆಚರಿನಲ್ಲಿ ಹೊತ್ತು ಮನೆಗೆ ತಂದರು, ಎಲುಬು ಕೂಡಿತು. ನಡೆಯಬಹುದು ಎಂದು ಡಾಕ್ಟರು ಹೇಳಿದರು. ಮೊದಲನೆಯ ಮಹಡಿಯಲ್ಲಿದ್ದ ನಾನು ಬೆಳಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ತಪ್ಪದೆ ಹತ್ತಿ ಹೋಗಿ ವ್ಯಾಯಾಮ ಮಾಡಿಸಿದೆ. ಕೋಣೆಯೊಳಗೆ ಚೆನ್ನಾಗಿಯೇ ನಡೆಯುವರು. ಹೊಸ್ತಿಲಿಗೆ ಬಂದು ಕೆಳಗೆ ನೋಡಿದರೆ ಮಾತ್ರ ಮೈಯೆಲ್ಲ ಬೆವರು.

"ಅಷ್ಟು ಎತ್ತರದಲ್ಲಿ ಕೂತವರಿಗೆ ಇದೆಂತ ಹೆದರಿಕೆ ಮಾರಾಯ್ರೆ?" ಎಂದು ಒಮ್ಮೆ ಕೇಳಿದೆ.

"ಅಲ್ಲಿ ಹಗ್ಗ ಇತ್ರಿ. ಹಗ್ಗ ಇದ್ದಲ್ಲಿ ಅಂಜಿಕಿ ಇಲ್ಲ. ಪಾವಟಿಗಿಗೆ ಎಲ್ಲೈತ್ರಿ ಹಗ್ಗ?" ಎಂದು ಮೆಟ್ಟಿಲ ಕಡೆ ಕೈ ತೋರಿದರು.

ಚಳಿಗಾಲ ಕಳೆಯುವಾಗ ಗೇಟಿಗೆ ನೋಟಿಸ್ ಅಂಟಿಸಿದರು. ಕಟ್ಟಡ ಅಪಾಯದ್ದು, ಮಳೆಗೆ ಮುಂಚೆ ಖಾಲಿ ಮಾಡಿ ಎಂದು. ಒಂದೊಂದೇ ಮನೆ ಖಾಲಿಯಾಯಿತು. ರಾತ್ರಿ ಎಲ್ಲೋ ಗಾರೆ ಉದುರಿದರೆ, ಉದುರಿದ್ದು ಯಾವ ಮನೆಯದೆಂದು ಕೇಳಲು ಸಹ ಜನವಿರಲಿಲ್ಲ. ಬಿರುಕುಗಳ ವಿಷಯದಲ್ಲಿ ಮಲ್ಲಪ್ಪನವರಿಗೆ ಇದ್ದಷ್ಟು ಭಯ ಇನ್ನಾರಿಗೂ ಇರಲಿಲ್ಲ. ಬಿರುಕಿನ ಅಡ್ಡಕ್ಕೆ, ಬಣ್ಣಕ್ಕೆ ಮುಂಚೆ ಗೋಡೆಗೆ ಮೆತ್ತುವ ಪುಟ್ಟಿಯ ಒಂದು ಬೊಟ್ಟು ಇಡಬೇಕು. ಒಣಗಿದ ಬೊಟ್ಟು ಸೀಳಿದರೆ ಗೋಡೆ ಸರಿದಿದೆ ಎಂದು ಅರ್ಥ. ತಮ್ಮ ಕೋಣೆಯಲ್ಲಿ ಅವರೇ ಇಟ್ಟುಕೊಂಡರು, ಮೆಟ್ಟಿಲ ಗೋಡೆಗೆ ನನ್ನಿಂದ ಇಡಿಸಿದರು. ದಿನವೂ ನಾನು ಒಳಗೆ ಬಂದಕೂಡಲೇ ಅವರ ಮೊದಲ ಪ್ರಶ್ನೆ, "ಬೊಟ್ಟು ಹೆಂಗದಾವ್ರಿ?"

"ಗಟ್ಟಿ ಇವೆ."

ಗೋಡೆ ನಂಬುವಂಥದ್ದಲ್ಲ ಎಂದು ಅವರಿಗೆ ಗೊತ್ತು. ಆದರೂ ಇಳಿಯಲಾರರು. ಹಾಸಿಗೆಯಲ್ಲಿ ಮಲಗಿ ತಾರಸಿಯನ್ನೇ ನೋಡುತ್ತಿದ್ದ ಆ ಕಣ್ಣುಗಳು ನನಗೆ ರಾತ್ರಿಯೂ ನೆನಪಾಗುತ್ತಿದ್ದವು.

ಆ ದಿನಗಳಲ್ಲೇ ಅವರ ಮೊಬೈಲಿನಲ್ಲಿ ಆ ಆಟ ಬಂತು. ಕುಸ್ತಿ ನೋಡುತ್ತಿದ್ದವರಿಗೆ ಫೋನು ತಾನಾಗಿ ಬೇರೇನನ್ನೋ ತೋರಿಸಿತ್ತು. ನಾನು ಹೋದಾಗ ಅವರು ಗಾಬರಿಯಲ್ಲಿದ್ದರು.

"ಸಿಸ್ಟರ್, ಈ ದೇಶದಾಗ ಮುದುಕರಿಗೆ ರಿಟೈರ್ಮೆಂಟ್ ಇಲ್ಲೇನ್ರಿ? ಬರ್ಫದ ಮ್ಯಾಲ ನಿಂದರಿಸಿ ಕಸಾ ಹೊಡಸಾಕತ್ತಾರ."

ಕನ್ನಡಕ ಹಾಕಿ ನೋಡಿದೆ. ಅದು ಕರ್ಲಿಂಗ್ ಎಂಬ ಆಟ. ಐವತ್ತು ದಾಟಿದವರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಪಂದ್ಯಾವಳಿ. ಉದ್ದನೆಯ ಮಂಜುಗಡ್ಡೆಯ ಅಂಗಳದಲ್ಲಿ ಒಬ್ಬರು ಹಿಡಿಕೆಯುಳ್ಳ ಭಾರದ ಕಲ್ಲನ್ನು ಜಾರಿಸಿ ಬಿಡುತ್ತಾರೆ. ಇಬ್ಬರು ಅದರ ಮುಂದೆ ಉದ್ದ ಕೋಲಿನ ಬ್ರಷ್ಷಿನಿಂದ ಮಂಜುಗಡ್ಡೆ ಉಜ್ಜುತ್ತ ದಾರಿ ಮಾಡಿಕೊಡುತ್ತಾರೆ. ಆಚೆ ತುದಿಯಲ್ಲಿ, ನೆಲದ ಮೇಲೆ ಬರೆದ ದೊಡ್ಡ ವೃತ್ತಗಳ ನಡುವೆ, ತಂಡದ ಮುಂದಾಳು ಬ್ರಷ್ ಊರಿ ಗುರಿ ತೋರಿಸುತ್ತಾ ಕೂಗುತ್ತಾರೆ. ಅಂದು ಆಡುತ್ತಿದ್ದವರಲ್ಲಿ ನಮ್ಮವರಿರಲಿಲ್ಲ. ಕೆನಡಾ, ಸ್ವೀಡನ್ ಎಂದು ನಾನು ಓದಿ ಹೇಳಿದರೆ ಮಲ್ಲಪ್ಪ ಕೇಳಿಸಿಕೊಳ್ಳಲಿಲ್ಲ. ಅವರಿಗೆ ಒಂದು ತಂಡ ಸಿಗ್ನಲ್ ರೆಡ್, ಇನ್ನೊಂದು ಸ್ಕೂಲ್ ಬಸ್ ಹಳದಿ.

ಅಲ್ಲಿಂದ ಪ್ರತಿ ಸಂಜೆ ವ್ಯಾಯಾಮದ ನಂತರ ಆಟ. ಆಟವೆಂದರೆ ಮನರಂಜನೆ ಎಂದುಕೊಳ್ಳಬೇಡಿ. ಮಲ್ಲಪ್ಪ ಸ್ಕೋರು ನೋಡುತ್ತಿರಲಿಲ್ಲ, ಕಲ್ಲನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಕಾಲುಗಳನ್ನು. ನರೆಗೂದಲಿನ ಯಾರಾದರೂ ಮಂಡಿ ಬಗ್ಗಿಸಿ ಜಾರಿದೊಡನೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು, "ಈಗ ಬಿದ್ರು, ಈಗ ಬಿದ್ರು" ಎಂದು ಗೊಣಗುವರು. ಬೀಳದೆ ಎದ್ದು ನಿಂತರೆ ಒಂದು ದೊಡ್ಡ ಉಸಿರು. ಅವರ ಪಕ್ಕ ಕೂತು ನನಗೂ ಅಂಗೈ ಬೆವರುವ ರೋಗ ಅಂಟಿತು. ಸೊಂಟ ಮುರಿದ ಎಷ್ಟು ಮಂದಿ ಮುದುಕರನ್ನು ನೋಡಿಲ್ಲ ನಾನು.

ನೀಲಿ ಜಾಕೆಟ್ಟಿನ ಒಂದು ತಂಡ ಅವರಿಗೆ ಇಷ್ಟ. ಹೆಂಗಸರ ತಂಡ, ಯಾವಾಗಲೂ ಸೋಲುವಂಥದ್ದು. ಅದರಲ್ಲೊಬ್ಬಳು ಬೆಳ್ಳಿಗೂದಲಿನವಳು, ತೆಳ್ಳಗೆ, ಸದಾ ತುಟಿ ಕಚ್ಚಿಕೊಂಡಿರುವವಳು. ಅವಳನ್ನು ಇವರು ಅವ್ವಾ ಎನ್ನುತ್ತಿದ್ದರು, ಅವಳು ಇವರಿಗಿಂತ ಚಿಕ್ಕವಳೇ ಇದ್ದಿರಬೇಕು. ಒಂದು ಸಂಜೆ ಉಜ್ಜುತ್ತ ಬರುವಾಗ ಅವಳ ಹಿಮ್ಮಡಿ ಇನ್ನೊಂದು ಕಲ್ಲಿಗೆ ತಾಗಿತು. ಹಿಂದಕ್ಕೆ ಬಿದ್ದಳು. ತಲೆ ಮಂಜುಗಡ್ಡೆಗೆ ಬಡಿಯಿತು. ಕ್ಯಾಮೆರಾ ಬೇರೆಡೆ ತಿರುಗಿತು.

ಮಲ್ಲಪ್ಪ ಫೋನನ್ನು ಬೋರಲು ಹಾಕಿದರು. ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ವ್ಯಾಯಾಮಕ್ಕೂ ಏಳಲಿಲ್ಲ. ಆಕಿದು ಮುಗೀತು, ನಂದೂ ಮುಗೀತು, ಇಲ್ಲೇ ಬಿಡ್ರಿ ನನ್ನ ಎಂದರು. ಬಾಗಿಲ ಹೊರಗಿನ ಬೊಟ್ಟು ಅಂದೇ ಸೀಳಿತ್ತು. ಅವರು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ರೋಗಿ ಬೊಟ್ಟಿನ ಬಗ್ಗೆ ಕೇಳುವುದನ್ನು ಬಿಟ್ಟರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ದಿಗಿಲಾಯಿತು.

ಸಂಜೆ ನಾನೇ ಫೋನು ಹಚ್ಚಿದೆ. ನೀಲಿ ತಂಡದ ಆಟವಿತ್ತು. ಅವಳು ಬಂದಿದ್ದಳು. ತಲೆಗೆ ದಪ್ಪನೆಯ ಟೊಪ್ಪಿ. ಮಂಜುಗಡ್ಡೆಯ ಅಂಚಿನಲ್ಲಿ ಬ್ರಷ್ ಊರಿ ನಿಂತಿದ್ದಳು, ಉಳಿದವರು ಮುಂದೆ ಹೋದರೂ ನಿಂತೇ ಇದ್ದಳು. ಮಲ್ಲಪ್ಪ ಫೋನನ್ನು ಮೂಗಿನ ಹತ್ತಿರ ತಂದುಕೊಂಡರು.

"ಅಂಜ್ಯಾಳ್ರಿ," ಎಂದರು ಮೆಲ್ಲಗೆ. "ಮಾರಿ ನೋಡ್ರಿ. ಅಂಜಿಕಿ ಹೋಗಿಲ್ಲ. ಅದನ್ನೂ ಕರಕೊಂಡ ಬಂದಾಳ."

ಆಮೇಲೆ ಅವಳು ಹೆಜ್ಜೆ ಇಟ್ಟಳು. ಆ ಹೆಜ್ಜೆಯನ್ನು ಮಲ್ಲಪ್ಪ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದರು. ಈ ಆಟಗಾರರ ಎರಡು ಬೂಟು ಒಂದೇ ಥರ ಇರುವುದಿಲ್ಲ. ಒಂದರ ತಳ ನುಣುಪು, ಅದು ಜಾರುತ್ತದೆ. ಇನ್ನೊಂದರ ತಳ ರಬ್ಬರು, ಅದು ನೆಲ ಹಿಡಿಯುತ್ತದೆ.

"ಹಿಡಿಯೋ ಕಾಲು ಹಿಂದ ನಿಂದರತೈತಿ, ಜಾರೋ ಕಾಲು ಮುಂದ ಹೋಗತೈತಿ. ನೋಡ್ರಿಲ್ಲೆ, ಹಿಂದಿನ ಕಾಲು ಬಿಟ್ಟೇ ಕೊಡಂಗಿಲ್ಲ."

"ಆಪರೇಶನ್ ಆದಾಗಿಂದ ನಾನು ಹೇಳಿದ್ದು ಮತ್ತೆಂತ? ಇಳಿಯುವಾಗ ಪೆಟ್ಟಾದ ಕಾಲು ಮುಂದೆ, ಗಟ್ಟಿ ಕಾಲು ಹಿಂದೆ ಅಂತಲೇ ಅಲ್ವಾ?"

ಸ್ವಲ್ಪ ಹೊತ್ತು ಮಾತು ಒಣಗಲು ಬಿಟ್ಟರು. "ನೀವು ನೆಲದ ಮ್ಯಾಲ ನಿಂತ ಹೇಳತಿದ್ರಿ, ಸಿಸ್ಟರ್. ಆಕಿ ಬರ್ಫದ ಮ್ಯಾಲ ನಿಂತಾಳ."

ಮರುದಿನ ಮಂಚದ ಕೆಳಗಿನ ಹಳೆಯ ಡಬ್ಬಿಗಳನ್ನು ತೆಗೆಸಿದರು. ಉದ್ದ ಕೋಲಿಗೆ ಬ್ರಷ್ ಕಟ್ಟಿ, ನಿಂತಲ್ಲೇ ಹೊಸ್ತಿಲ ಬಳಿ ವೃತ್ತಗಳನ್ನು ಬಳಿದರು. ಹೊರಗೆ ನೀಲಿ, ಒಳಗೆ ಬಿಳಿ, ನಡುವೆ ಕೆಂಪು. ಮಂಚದಿಂದ ಕೆಂಪಿನವರೆಗೆ ನಡೆಯುವುದು ಅವರ ಹೊಸ ವ್ಯಾಯಾಮ. ನೀಲಿ ತಂಡ ಸೋತು ಮನೆಗೆ ಹೋಯಿತು. ಕೊನೆಗೆ ಗೆದ್ದವರು ಯಾರೆಂದು ಅವರು ಕೇಳಲಿಲ್ಲ.

ಕೆಂಪಿನಿಂದ ಮುಂದಕ್ಕೆ ಮಾತ್ರ ಹೋಗಲಿಲ್ಲ. ಮೇ ಮುಗಿಯುತ್ತ ಬಂತು. ಆಕಾಶ ಕಪ್ಪಾಗತೊಡಗಿತು. ಶನಿವಾರ ಮೂರನೆಯ ಮಹಡಿಯ ಮೆಟ್ಟಿಲ ಬೊಟ್ಟು ಎರಡಾಗಿತ್ತು. ನಾನು ಸುವರ್ಣಾಳಿಗೆ ಫೋನು ಮಾಡಿದೆ.

ಭಾನುವಾರ ಬೆಳಗ್ಗೆ ಬಂದವಳು ಕೆಳಗೆ ನಾಲ್ವರು ಹಮಾಲರನ್ನು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಸಿದ್ಧವಿಟ್ಟಿದ್ದಳು. "ಮಾಮಾ, ಟೆನ್ಶನ್ ಮತ್ ಲೋ. ಕುರ್ಚೀಲಿ ಕೂಡ್ರಿ, ನಾಲ್ಕ ಜನ ಹೊತ್ಕೊಂಡು ಆರಾಮ್ ಸೇ ನೀಚೆ ಇಳಸ್ತಾರ," ಎಂದಳು.

"ನಾಕ ಮಂದಿ ಹೊತ್ಕೊಂಡ ಇಳಸೋದು ಒಮ್ಮೆ ಐತೇ ಐತಿ," ಎಂದರು ಮಲ್ಲಪ್ಪ. "ಇವತ್ತ ಬ್ಯಾಡ."

ಸುವರ್ಣಾ ಕಣ್ಣೊರೆಸಿಕೊಂಡಳು. ಅವರು ಹೊಸ್ತಿಲು ಬಿಡಲಿಲ್ಲ. ತಲೆಯ ಮೇಲೆ ಎಲ್ಲೋ ಗಾರೆ ಉದುರಿದ ಸದ್ದಾಯಿತು. ಮೂವರೂ ಮೇಲೆ ನೋಡಿದೆವು.

"ಸಿಸ್ಟರ್, ನೀವು ಕೆಳಗ ಹೋಗಿ ಕಸಬರಿಗಿ ಊರಿ ನಿಂದರ್ರಿ," ಎಂದರು ಆಗ. "ಆ ನೀಲಿ ಟೀಮಿನ ಮುಂದಾಳು ನಿಂದರತಾಳಲ್ಲ, ಹಂಗ. ನೀವು ಎಲ್ಲಿ ಊರತೀರೋ ಅಲ್ಲೇ ಕಾಲಿಡತೀನಿ."

ಉದ್ದ ಕೋಲಿನ ಕಸಬರಿಗೆ ಹಿಡಿದು ನಾನು ಎರಡು ಮೆಟ್ಟಿಲು ಕೆಳಗೆ ನಿಂತೆ. ಸುವರ್ಣಾ ಹಿಂದಿನಿಂದ ಅವರ ಸೊಂಟದ ಪಟ್ಟಿ ಹಿಡಿದಳು. ಮೆಟ್ಟಿಲಿಗೆ ಕೋಲು ಊರಿದೆ. ಪೆಟ್ಟಾದ ಕಾಲು ಮೆಲ್ಲಗೆ ಬಂದು ಅಲ್ಲಿ ಕೂತಿತು. ಗಟ್ಟಿ ಕಾಲು ಅದರ ಪಕ್ಕಕ್ಕೆ ಬಂತು. ಮತ್ತೊಂದು, ಮತ್ತೊಂದು.

ಎರಡನೆಯ ಮಹಡಿಯ ತಿರುವಿಗೆ ಬಂದಾಗ ನೋಡುತ್ತೇನೆ, ಅವರು ಬಿದ್ದಿದ್ದ ಜಾಗದಲ್ಲೇ ನೀರು. ಟಾಕಿ ಮತ್ತೆ ತುಂಬಿ ಹರಿದಿತ್ತು. ಮಲ್ಲಪ್ಪ ನಿಂತರು. ಕಟಕಟ ಹಲ್ಲು ಕಡಿಯುವ ಸದ್ದು ನನಗೆ ಕೇಳಿಸಿತು. ಹಿಂದಕ್ಕೆ ತಿರುಗಲು ನೋಡಿದರು. ಅಲ್ಲಿ ತಿರುಗಿದ್ದರೆ ಮೂವರೂ ಉರುಳುತ್ತಿದ್ದೆವು.

ವಾರ್ಡಿನಲ್ಲಿ ನಾನು ದನಿ ಏರಿಸಿದವಳಲ್ಲ. ಆ ದಿನ ಇಡೀ ಖಾಲಿ ಬಿಲ್ಡಿಂಗು ಮಾರ್ದನಿಸುವಂತೆ ಕೂಗಿದೆ. "ಮಲ್ಲಪ್ಪ, ಹಿಂದಿನ ಕಾಲು ಬಿಡಬೇಡಿ. ನನ್ನ ಕೋಲು ನೋಡಿ. ಮೇಲೆ ನೋಡಬೇಡಿ, ಕೋಲು ನೋಡಿ." ಕೂಗುತ್ತಲೇ ಬಗ್ಗಿ, ಅವರ ಕಾಲ ಮುಂದಿನ ನೀರನ್ನು ಕಸಬರಿಗೆಯಿಂದ ಬರಬರನೆ ಉಜ್ಜಿ ಅಂಚಿಗೆ ತಳ್ಳಿದೆ. ಉಜ್ಜಿ ಊರಿದೆ, ಮತ್ತೆ ಉಜ್ಜಿದೆ.

ಮೇಲಿನಿಂದ ವಿಚಿತ್ರವಾದ ಸದ್ದು ಬಂತು. ಅಳುತ್ತಿದ್ದಾರೆ ಎಂದುಕೊಂಡು ತಲೆಯೆತ್ತಿದೆ. ಮಲ್ಲಪ್ಪ ಹಲ್ಲು ಕಡಿಯುತ್ತಲೇ ನಗುತ್ತಿದ್ದರು.

"ಈಗ ಬರೋಬರಿ ಆಟ ಆತು ನೋಡ್ರಿ," ಎಂದು ಜಾರೋ ಕಾಲನ್ನು ಮುಂದಿಟ್ಟರು.

ಕೆಳಗೆ ಹಮಾಲರು ಕುರ್ಚಿಯ ಪಕ್ಕ ಬೀಡಿ ಸೇದುತ್ತ ನಿಂತಿದ್ದರು. ಮಲ್ಲಪ್ಪ ಆ ಕುರ್ಚಿಯಲ್ಲಿ ತಾವೇ ಹೋಗಿ ಕೂತು ನೀರು ಕೇಳಿದರು. ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ರಿಕ್ಷಾ ಹತ್ತುವಾಗ ನನ್ನನ್ನು ಕರೆದು, ನೀವು ಯಾವಾಗ ಖಾಲಿ ಮಾಡೋದು ಎಂದರು. ಸಂಜೆ, ನಿಮ್ಮ ಕೋಣೆಗೂ ಬೀಗ ಹಾಕಿ, ಚೆಂಬೂರಿಗೆ ಅಕ್ಕನ ಮನೆಗೆ ಎಂದೆ.

"ಹಿಂದಿನ ಕಾಲು ಬಿಡಬ್ಯಾಡ್ರಿ, ಸಿಸ್ಟರ್."

ನಾನು ಅವರನ್ನು ನೋಡಿದ್ದು ಅದೇ ಕೊನೆ. ದಹಿಸರಿನಲ್ಲಿ ನೆಲಮಹಡಿಯ ಮನೆ. ದಿನವೂ ಗೇಟಿನವರೆಗೆ ನಡೆಯುತ್ತಾರೆ, ಹಾಲಿನವನ ಸೈಕಲ್ಲಿಗೆ ಯಾವ ಬಣ್ಣ ಹಚ್ಚಬೇಕೆಂದು ಜಗಳವಾಡುತ್ತಾರೆ ಎಂದು ಸುವರ್ಣಾ ಫೋನಿನಲ್ಲಿ ಹೇಳುತ್ತಿದ್ದಳು. ಜುಲೈಯ ಒಂದು ಬೆಳಗ್ಗೆ ಅವಳ ದನಿ ಬೇರೆಯಾಗಿತ್ತು. ನಿದ್ದೆಯಲ್ಲೇ ಹೋಗಿದ್ದರು. ಆ ದಿನ ಹಳಿಗಳ ಮೇಲೆ ನೀರು ನಿಂತು ಲೋಕಲ್ ಟ್ರೈನು ಬಂದ್ ಆಗಿ ನನಗೆ ಹೋಗಲಾಗಲಿಲ್ಲ. ಅವರನ್ನು ಹೊತ್ತ ಆ ನಾಲ್ಕು ಮಂದಿಯ ಹೆಗಲನ್ನು ನಾನು ನೋಡಲಿಲ್ಲ.

ನಾನು ಬರೆಯಬೇಕಾದದ್ದು ಆ ಭಾನುವಾರದ್ದು, ಅದನ್ನೇ ಮುಗಿಸುತ್ತೇನೆ. ಸಂಜೆ ಐದಕ್ಕೆ, ರೂಢಿಯಂತೆ, ಮೂರನೆಯ ಮಹಡಿಗೆ ಹತ್ತಿದೆ. ಕೇಳುವವರಿಲ್ಲದಿದ್ದರೂ ದಾರಿಯಲ್ಲಿ ಬೊಟ್ಟುಗಳನ್ನು ನೋಡಿಕೊಂಡೆ. ಕೋಣೆಯ ಕಿಟಕಿ ಮುಚ್ಚಿ ಮೇನ್ ಸ್ವಿಚ್ ಆರಿಸಿದೆ. ಕೆಂಪು ವೃತ್ತದ ನಡುವೆ ಎರಡು ಪಾದದಷ್ಟು ಬಣ್ಣ ಸವೆದಿತ್ತು. ಅದನ್ನು ದಾಟಿ ಹೊರಗೆ ಬಂದು ಬಾಗಿಲೆಳೆದು ಬೀಗ ಹಾಕಿದೆ.

ಇಳಿಯುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಕಾಲು ತಡೆಯಿತು. ಹತ್ತುವಾಗ ಗಟ್ಟಿಯಿದ್ದ ಬೊಟ್ಟು ನಡುವೆ ಸೀಳಿತ್ತು. ಕಸಬರಿಗೆಯನ್ನು ಬೆಳಗ್ಗೆ ನಾನೇ ಕೆಳಗೆ ಬಿಟ್ಟು ಬಂದಿದ್ದೆ. ಮೆಟ್ಟಿಲು ಇನ್ನೂ ಒದ್ದೆ. ಕೆಳಗೆ ಕೋಲು ಊರಿ ನಿಂತವರು ಯಾರೂ ಇರಲಿಲ್ಲ. ಹತ್ತಾರು ವರ್ಷ ಓಡಾಡಿದ ಆ ಮೆಟ್ಟಿಲು ನನಗೆ ಹೊಸದಾಗಿ ಕಂಡಿತು. ಗೋಡೆಗೆ ಕೈಯಿಟ್ಟು, ನೋಯುವ ಮಂಡಿಯ ಕಾಲನ್ನು ಮುಂದಿಟ್ಟೆ. ಗಟ್ಟಿ ಕಾಲನ್ನು ಹಿಂದೆ ನಿಲ್ಲಿಸಿ, ಅದು ಹಿಡಿದಿದೆಯೆಂದು ಖಾತ್ರಿಯಾದ ಮೇಲೆ ಪಕ್ಕಕ್ಕೆ ತಂದೆ. ಹಾಗೆಯೇ ಕೆಳಗಿನವರೆಗೆ ಬಂದೆ.

ಐದೂವರೆಗೆ ಎರಡೂ ಕೋಣೆಗಳ ಕೀಲಿಯನ್ನು ಸೆಕ್ರೆಟರಿಯ ಕೈಗೆ ಒಪ್ಪಿಸಿದೆ. ಗೋಡೆಗೆ ಒರಗಿದ್ದ ಕಸಬರಿಗೆಯನ್ನು ಕೈಗೆತ್ತಿಕೊಂಡು ಗೇಟು ದಾಟಿದೆ.