ರಿವರ್ಸ್ ಗೇರಿನಲ್ಲಿ ಈರಪ್ಪ ಕಾಕಾ

ಕಳೆದ ಶನಿವಾರ ಸಂಜೆ ನಾನು ಸುಳ್ಳು ಹೇಳಿ ಮನೆಯಿಂದ ಹೊರಬಿದ್ದೆ. ಈ ವಯಸ್ಸಿನಲ್ಲಿ! ಅದೂ ಅರವತ್ತೆಂಟು ದಾಟಿದ ನಮ್ಮ ಈರಪ್ಪ ಕಾಕಾನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು.

"ಪ್ರವಚನಕ್ಕ ಹೊಂಟೇವಿ" ಎಂದು ಕಾಕಾ ತನ್ನ ಸೊಸೆ ಕಾವೇರಿಗೆ ಹೇಳಿದ. ಎರಡು ದಿನ ಇದ್ದು ಹೋಗಲು ಹುಬ್ಬಳ್ಳಿಯಿಂದ ಬಂದಿದ್ದ ನಾನು ಪಕ್ಕದಲ್ಲಿ ನಿಂತು ಭಕ್ತಿಯಿಂದ ತಲೆಯಾಡಿಸಿದೆ. ಸ್ಕೂಟಿ ಹೊರಟಿದ್ದು ಮಾತ್ರ ನವಲಗುಂದದ ಆಚೆ, ಕಡಲೆ ಕಿತ್ತು ಖಾಲಿ ಬಿದ್ದ ಒಂದು ಹೊಲಕ್ಕೆ. ಅಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ. ಹಿಂದೆ ಟ್ರೇಲರ್ ಕಟ್ಟಿಕೊಂಡು, ಸುಣ್ಣದಲ್ಲಿ ಎಳೆದ ಎರಡು ಗೆರೆಗಳ ನಡುವೆ ಹಿಮ್ಮುಖವಾಗಿ ಓಡಿಸಬೇಕು. ಗೆರೆ ಮುಟ್ಟಿದರೆ ಔಟ್, ಎಲ್ಲರಿಗಿಂತ ಬೇಗ ಕೊನೆ ತಲುಪಿದವನು ಫಸ್ಟ್. (ಕಾರ್ ರೇಸ್ ನೋಡುವವರು ನೋಡಲಿ ಬಿಡಿ. ಮುಂದಕ್ಕೆ ಓಡಿಸುವುದು ಯಾರಿಗೆ ಬರುವುದಿಲ್ಲ?)

ಕಾಕಾ ನೋಡಲು ಹೊರಟಿರಲಿಲ್ಲ. ಹೆಸರು ಕೊಟ್ಟಿದ್ದ!

ಎರಡು ತಿಂಗಳ ಹಿಂದೆ, ಅಣ್ಣಿಗೇರಿಯ ಬೀಗರ ಮನೆಯಂಗಳದಲ್ಲಿ ಟ್ರ್ಯಾಕ್ಟರ್ ರಿವರ್ಸ್ ತೆಗೆಯುವಾಗ ಕಾಕಾ ಅವರ ದನಗಳಿಗೆ ನೀರು ಕುಡಿಸುವ ದೋಣಿ ಒಡೆದಿದ್ದ. ಮಗ ಮಹಾಂತೇಶ ಅಂದೇ ಚಾವಿ ಕಸಿದುಕೊಂಡ. "ವಯಸ್ಸಾತು, ಇನ್ ಸಾಕ್ ಮಾಡ್ ಯಪ್ಪಾ" ಎಂದ. ಮೂವತ್ತು ವರ್ಷ ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಈಗ ಕಟ್ಟೆ ಮೇಲೆ ಕೂರುವ ಕೆಲಸ. ಊಟವನ್ನೂ ಅರ್ಧಕ್ಕೆ ಇಳಿಸಿದ್ದ. ಅವನನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿತ್ತು. ಇಲ್ಲಿ ಗೆದ್ದು ಚಾವಿ ವಾಪಸ್ ಪಡೆಯಬೇಕೆಂಬುದು ಅವನ ಪ್ಲಾನು.

"ನಂದೇನ್ ತಪ್ಪಿಲ್ಲವಾ" ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ. "ಹಿಂದ ಐದ್ ಮಂದಿ ನಿಂತು ಬರ್ಲಿ ಬರ್ಲಿ ಅಂದ್ರು. ಒಬ್ಬಾಂವ ಎಡಕ್ಕ ಅಂದ, ಒಬ್ಬಾಂವ ಬಲಕ್ಕ ಅಂದ. ಬೀಗರು ಬ್ಯಾರೆ. ಯಾರ ಮಾತ್ ಕೇಳಲಿಲ್ಲ ಅಂದ್ರೂ ಸಿಟ್ಟಾಗ್ತಾರ!"

ಮಾತು ಸುಳ್ಳಲ್ಲ. ಒಂದು ಗಾಡಿ ರಿವರ್ಸ್ ಬರುವುದನ್ನು ಸುಮ್ಮನೆ ನಿಂತು ನೋಡುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಚಹಾ ಕುಡಿಯುತ್ತಿದ್ದವನು ಕಪ್ ಕೆಳಗಿಟ್ಟು ಓಡಿಬರುತ್ತಾನೆ. ಸೈಕಲ್ ಕೂಡ ಬಾರದವನು ಟ್ರೇಲರ್ ಬಡಿದು "ಹಾಂ, ಹೊಡಿ ಹೊಡಿ" ಎನ್ನುತ್ತಾನೆ. ಗಾಡಿ ಗುದ್ದಿದ ಮೇಲೆ? ಒಬ್ಬನೂ ಅಲ್ಲಿರುವುದಿಲ್ಲ.

ಹೊಲದ ತುಂಬ ಫೋಕಸ್ ಲೈಟು, ಧೂಳು, ಮಿರ್ಚಿ ಕರಿಯುವ ವಾಸನೆ. ನಾವು ಗಿರ್ಮಿಟ್ ಬಾಯಿಗಿಡುವಷ್ಟರಲ್ಲಿ ಮೈಕಿನವನು ಮುಂದಿನ ಸ್ಪರ್ಧಿಯ ಹೆಸರು ಕೂಗಿದ. ಮಹಾಂತೇಶ!

ನಮ್ಮವನೇ! ಟ್ರ್ಯಾಕ್ಟರ್ ಸರ್ವಿಸಿಂಗಿಗೆ ಬಿಡಬೇಕೆಂದು ಮಧ್ಯಾಹ್ನವೇ ಮನೆ ಬಿಟ್ಟವನು ಇಲ್ಲಿ ಕಮಿಟಿಯವರ ಟ್ರ್ಯಾಕ್ಟರ್ ಏರಿ ಕೂತಿದ್ದ. ಕಾಕಾ ಗಡಬಡಿಸಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಹಾಂತೇಶನ ಗೆಳೆಯರು ಗೆರೆಗುಂಟ ಓಡುತ್ತ "ಎಡಕ್ಕ! ಬಲಕ್ಕ! ಬರ್ಲಿ!" ಎಂದರು. ಪಾಪ, ಅವನು ಎಲ್ಲರ ಮಾತನ್ನೂ ಕೇಳಿದ. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಔಟ್.

"ನೋಡಿದೇನ ಬೇ?" ಎಂದ ಕಾಕಾ. ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡು ತನ್ನ ಸರದಿಗೆ ಟ್ರ್ಯಾಕ್ಟರಿನತ್ತ ನಡೆದೇಬಿಟ್ಟ.

ಸೀಟಿನ ಮೇಲೆ ಅಪ್ಪನನ್ನು ಕಂಡ ಮಹಾಂತೇಶ ಎದೆ ಹಿಡಿದುಕೊಂಡು ಓಡಿಬಂದ. "ಯಪ್ಪಾ! ಇಳಿ ಕೆಳಗ!" ಎಲ್ಲಿ ಕೇಳಬೇಕು? ಕಾಕಾ ಕತ್ತು ಹಿಂದಕ್ಕೆ ತಿರುಗಿಸಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬಿಟ್ಟ ನೋಡಿ! ಟ್ರೇಲರ್ ನೂಲು ಹಿಡಿದಂತೆ ನೆಟ್ಟಗೆ ಓಡಿತು. ಇಡೀ ಹೊಲ "ಬರ್ಲಿ ಬರ್ಲಿ" ಎಂದು ಕೂಗುತ್ತಿತ್ತು. (ನಾನೂ ಕೂಗಿದೆ. ಟ್ರ್ಯಾಕ್ಟರಿನ ಬ್ರೇಕ್ ಎಲ್ಲಿರುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.)

ಕೊನೆಯ ಗೆರೆ ಬಂತು. ಸೀಟಿ ಊದಿದರು. ಕಾಕಾ ನಿಲ್ಲಲಿಲ್ಲ. ಮತ್ತೆ ಊದಿದರು. ಕಿವಿಯಲ್ಲಿ ಹತ್ತಿ! ಟ್ರೇಲರ್ ಸೀದಾ ಮುಖ್ಯ ಅತಿಥಿಗಳ ಸಾಲಿನ ಕಡೆ ನುಗ್ಗಿತು. ಅತಿಥಿಗಳು ಹಾರ ಸಮೇತ ಎದ್ದು ಓಡಿದರು. ಒಂದು ಪ್ಲಾಸ್ಟಿಕ್ ಕುರ್ಚಿ ಅಪ್ಪಚ್ಚಿಯಾಯಿತು. ಕೊನೆಗೆ ಮಹಾಂತೇಶ ಮಡ್‌ಗಾರ್ಡ್ ಏರಿ, ಅಪ್ಪನ ಕಿವಿಯ ಹತ್ತಿ ಕಿತ್ತು, "ಸಾಕ್ ಯಪ್ಪಾ, ಮುಗೀತು!" ಎಂದ ಮೇಲೆ ಗಾಡಿ ನಿಂತಿತು.

ಕಮಿಟಿಯವರು ಬಹಳ ಹೊತ್ತು ಜಗಳಾಡಿದರು. ಆಮೇಲೆ ಮೈಕಿನಲ್ಲಿ ಹೇಳಿದರು: "ಎಡಬಲದ ಗೆರಿ ಮುಟ್ಟಿಲ್ರಿ. ಟೈಮ್ ಎಲ್ಲಾರಕಿಂತ ಕಡಿಮಿ. ಎಲ್ಲಿ ನಿಲ್ಲಬೇಕಂತ ನಾವ ಹೇಳಿಲ್ಲ. ಈರಪ್ಪ ಕಾಕಾ ಫಸ್ಟ್!"

ಬಹುಮಾನವಾಗಿ ಆಳೆತ್ತರದ ಟ್ರೆಜರಿ. ಪ್ರವಚನ ಕೇಳಿ ಬಂದವರು ಕಬ್ಬಿಣದ ಕಪಾಟು ಹೊತ್ತು ಮನೆಗೆ ಹೋಗುವುದು ಹೇಗೆ? ಅದೂ ಸ್ಕೂಟಿಯ ಮೇಲೆ? ಮಹಾಂತೇಶನೇ ದಾರಿ ತೋರಿದ. ಸರ್ವಿಸಿಂಗಿಗೆ ಹೋಗಬೇಕಿದ್ದ ನಮ್ಮ ಟ್ರ್ಯಾಕ್ಟರ್ ಬಾಜೂ ಹೊಲದಲ್ಲೇ ನಿಂತಿತ್ತು, ಟ್ರೇಲರ್ ಸಮೇತ.

ಟ್ರೆಜರಿ ಏರಿಸಿದ ಮೇಲೆ ಅವನು ಜೇಬಿಗೆ ಕೈ ಹಾಕಿದ. "ತೊಗೋ ಯಪ್ಪಾ" ಎಂದು ಚಾವಿ ಮುಂದೆ ಹಿಡಿದ. "ನೀನ ಹೊಡಿ. ನಾ ಬಾಜೂಕ ಕುಂಡ್ರತೀನಿ."

ಕಾಕಾ ಚಾವಿ ತೆಗೆದುಕೊಂಡ. ಧೂಳು ಬಿತ್ತೆಂದು ಕಣ್ಣೊರೆಸಿಕೊಂಡ. ನನ್ನ ಕಣ್ಣಿಗೂ ಬಿದ್ದಿತ್ತು. ಆದರೂ ಒಂದು ಮಾತು ಇನ್ನೂ ಒಳಗೆ ಕುಟುಕುತ್ತಿದೆ. ಚಾವಿ ಕಸಿಯುವಾಗ ನಾವ್ಯಾರೂ ಕಾಕಾನಿಗೆ ಪರೀಕ್ಷೆ ಇಟ್ಟಿರಲಿಲ್ಲ. ಅದನ್ನು ವಾಪಸ್ ಪಡೆಯಲು ಅವನು ಊರಿಗೇ ಫಸ್ಟ್ ಬರಬೇಕಿತ್ತೇ?