ಮೆಟ್ಟಿಲ ಮೇಲೆ ಸುರಿದ ನೀರು

ನೆದ್ಯಾಲ್ಕಾಳ ಗಂಡ ಕಾಮೆನ್ ಲಾರಿ ಓಡಿಸುವವನು. ವಿದಿನ್ ಪಟ್ಟಣದ ಪಕ್ಕದ ಹಳ್ಳಿಯಲ್ಲಿ, ದಾನ್ಯೂಬ್ ನದಿಯ ಗಾಳಿ ನೇರ ಬಂದು ಬಡಿಯುವ ಮನೆ ಅವರದು. ಮಕ್ಕಳಾಗಲಿಲ್ಲ. ಮದುವೆಯಾದಾಗಿನಿಂದ ಅವನು ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಬಂದರೆ, ಅವನ ಬಟ್ಟೆ ಒಗೆದು ಒಣಗಿಸುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತಾಗುತ್ತಿತ್ತು.

ಹೊರಡುವಾಗಲೆಲ್ಲ ಅವಳು ತಾಮ್ರದ ಚೊಂಬಿನಲ್ಲಿ ನೀರು ತಂದು ಮೆಟ್ಟಿಲ ಮೇಲೆ ಸುರಿಯುವಳು. ಅವನು ಅದನ್ನು ತುಳಿದು ಹೋಗುವನು. ಹೋದ ಕೆಲಸ ನೀರು ಹರಿದ ಹಾಗೆ ಸಲೀಸಾಗಿ ಆಗಲಿ ಎಂದು ಊರಿನವರೆಲ್ಲ ಮಾಡುವುದೇ. ಆಮೇಲೆ ಆ ನೀರು ತಾನಾಗಿಯೇ ಆರಬೇಕು. ಗುಡಿಸಬಾರದು, ಒರೆಸಬಾರದು, ಮೇಲೆ ಏನನ್ನೂ ಎರಚಬಾರದು.

ಒಂದು ಸಲ ಕಾಮೆನ್ ಊಟಕ್ಕೆ ಕೂತವನು, ಮೆಣಸಿನಕಾಯಿಯ ಉಪ್ಪಿನಕಾಯಿ ಕಡಿಯುತ್ತ ಅಂದ, "ನೀನೂ ಲೈಸೆನ್ಸ್ ಮಾಡಿಸ್ಕೊಳ್ಳೇ. ದೂರದ ಓಟಕ್ಕೆ ಗಂಡ ಹೆಂಡ್ತಿ ಜೋಡಿಯಾಗಿ ಬಂದ್ರೆ ಒಂದೇ ಲಾರಿ ಕೊಡ್ತೀನಿ ಅಂತ ಧಣಿ ಹೇಳಿದ್ದಾನೆ."

"ನಾನಾ? ಒಲೆಗೆ ಬ್ರೆಡ್ ತಟ್ಟೆ ನೂಕೋದು ಬಿಟ್ರೆ ಏನು ಬರುತ್ತೆ ನಂಗೆ?"

"ಅದನ್ನೂ ಹಿಂದಕ್ಕೆ ಎಳೀತೀಯಲ್ಲ. ಲಾರಿಯೂ ಅಷ್ಟೇ."

ಅವಳು ನಕ್ಕಳು. ಆದರೆ ಆ ಮಾತು ಅವಳೊಳಗೆ ಇಳಿದುಬಿಟ್ಟಿತು. ಲಾರಿಯಲ್ಲಿ ಸೀಟಿನ ಹಿಂದೆ ಮೇಲೊಂದು ಕೆಳಗೊಂದು ಹಾಸಿಗೆ ಇರುತ್ತದೆ. ಒಬ್ಬರು ಓಡಿಸುವಾಗ ಇನ್ನೊಬ್ಬರು ಬೆನ್ನ ಹಿಂದೆಯೇ ಮಲಗಿರುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಉಸಿರು ಕೇಳಿಸುವಷ್ಟು ಹತ್ತಿರ ಒಂದು ತಿಂಗಳು ಪೂರ್ತಿ ಇದ್ದ ನೆನಪು ಅವಳಿಗಿರಲಿಲ್ಲ. ಮರುವಾರವೇ ತಾನು ಕೆಲಸ ಮಾಡುವ ಬೇಕರಿಯಿಂದ ನೇರ ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಬರೆಸಿದಳು.

ಕಲಿಸುವವನು ಗೆಂಚೋ. ಮೀಸೆ ನರೆತವನು, ಬಾಯಿ ಜೋರು.

"ಏನಮ್ಮಾ, ಗೇರು ಹಾಕು ಅಂದ್ರೆ ಹಿಟ್ಟು ನಾದ್ತಾ ಇದ್ದೀಯಲ್ಲ!"

"ಹಿಟ್ಟಾದ್ರೆ ಬ್ರೆಡ್ಡಾದ್ರೂ ಆಗ್ತಿತ್ತು ಗೆಂಚೋ ಅಣ್ಣ. ಇದ್ರಲ್ಲಿ ಬರೀ ಹೊಗೆ!"

ಮುಂದಕ್ಕೆ ಓಡಿಸುವುದು ಬೇಗ ಬಂತು. ಹಿಂದಕ್ಕೆ ಮಾತ್ರ ಬರಲೊಲ್ಲದು. ಹಿಂದಿನ ಟ್ರೇಲರ್ ಎಡಕ್ಕೆ ತಿರುಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ತಲೆ ಒಪ್ಪಿದರೂ ಕೈ ಒಪ್ಪುತ್ತಿರಲಿಲ್ಲ. ರಜೆಗೆ ಬಂದ ಕಾಮೆನ್ ಹಿತ್ತಲಿನ ಪವರ್ ಟಿಲ್ಲರಿಗೆ ಗಾಡಿ ಕಟ್ಟಿ ಅವಳನ್ನು ಕೂರಿಸಿದ. ಪ್ಲಮ್ ಮರಕ್ಕೂ ಬಾವಿಗೂ ನಡುವೆ ಹಿಂದಕ್ಕೆ ತರಬೇಕು. ತಾನು ಬೋಗುಣಿ ಬೋರಲು ಹಾಕಿ ಅದರ ಮೇಲೆ ಕೂತ.

"ಕನ್ನಡಿ ನೋಡೇ, ನನ್ನ ಮುಖ ಏನು ನೋಡ್ತೀಯ?"

"ನೋಡೋಕೆ ಸಿಗೋದೇ ಅಪರೂಪ, ಸುಮ್ನಿರು."

ಕೋಳಿಗೂಡಿನ ಒಂದು ಗೋಡೆ ಬಿತ್ತು. ಮೆಣಸಿನಕಾಯಿ ಪಾತಿ ನೆಲಸಮವಾಯಿತು. ಕೊನೆಗೊಂದು ದಿನ ಗಾಡಿ ಮರಕ್ಕೂ ಬಾವಿಗೂ ನಡುವೆ ದಾರದಂತೆ ನೇರ ಬಂದು ನಿಂತಾಗ ಕಾಮೆನ್ ಎದ್ದು ಬಂದು ಅವಳ ಎಣ್ಣೆ ಮೆತ್ತಿದ ಕೈಗೆ ಮುತ್ತಿಟ್ಟ. ಮರುದಿನವೇ ಪಟ್ಟಣಕ್ಕೆ ಹೋಗಿ ಹೆಸರಿನ ಫಲಕ ಬರೆಸಿ ತಂದ. ಡ್ರೈವರುಗಳು ಮುಂದಿನ ಗಾಜಿನ ಹಿಂದೆ ಇಟ್ಟುಕೊಳ್ಳುವಂಥದ್ದು. ಇದರಲ್ಲಿ ಮಾತ್ರ ಎರಡು ಹೆಸರು: ಕಾಮೆನ್, ನೆದ್ಯಾಲ್ಕಾ. ಅವಳು ಒಂದೇ ಬಟ್ಟೆಯಲ್ಲಿ ಎರಡು ದಿಂಬಿನ ಚೀಲ ಹೊಲಿದಿಟ್ಟಳು.

ಪರೀಕ್ಷೆ ಜನವರಿಯಲ್ಲಿ ಬಂತು. ಬಾವಿಯ ಹಗ್ಗ ಕೋಲಿನಂತೆ ಸೆಟೆದು ನಿಲ್ಲುವ ಚಳಿ. ಬೆಳಿಗ್ಗೆ ಅವಳು ಬೂಟು ಹಾಕಿಕೊಂಡು ಬಾಗಿಲಿಗೆ ಬರುವಾಗ ಕಾಮೆನ್ ತುಂಬಿದ ಬಕೆಟ್ ಹಿಡಿದು ನಿಂತಿದ್ದ.

"ಇದೇನೋ, ಬಕೆಟ್ಟು?"

"ಚೊಂಬು ಕಾರಿಗೆ. ಇದು ಲಾರಿ ಕಣೇ! ಇಷ್ಟು ವರ್ಷ ನೀನು ಸುರಿದಿದ್ದೀಯ, ಇವತ್ತು ನಂದು."

ದಡದಡ ಸುರಿದ. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅಂಗಳದವರೆಗೂ ಹರಿಯಿತು. ಅವಳು ಅದನ್ನು ತುಳಿದು ಕೆಳಗಿಳಿದಳು. ಗೇಟಿನ ಹತ್ತಿರ ತಿರುಗಿ ನೋಡಿದಾಗ ಮೆಟ್ಟಿಲ ಅಂಚಿನ ನೀರು ಆಗಲೇ ಹೆಪ್ಪುಗಟ್ಟಿ ಬೆಳ್ಳಗಾಗುತ್ತಿತ್ತು. ಒಲೆಯ ಪಕ್ಕ ಬೂದಿಯ ಡಬ್ಬ ತುಂಬಿಯೇ ಇತ್ತು. ಕಾಲು ಜಾರದ ಹಾಗೆ ಒಂದು ಹಿಡಿ ಎರಚಿಬಿಡು ಎಂದು ಹೇಳಲು ಅವಳು ಬಾಯಿ ತೆರೆದಳು. ಪರೀಕ್ಷೆಗೆ ಹೊರಟವಳ ನೀರಿನ ಮೇಲೆ ಬೂದಿ ಎರಚುವುದುಂಟೇ ಎನ್ನಿಸಿತು. ಬಾಯಿ ಮುಚ್ಚಿಕೊಂಡು ನಡೆದಳು.

ಪಾಸಾಯಿತು. ಟ್ರೇಲರನ್ನು ಎರಡು ಕಂಬಗಳ ನಡುವೆ ಒಂದೇ ಸಲಕ್ಕೆ ತಂದು ನಿಲ್ಲಿಸಿದಳು. ಗೆಂಚೋ ತನ್ನ ಕಾರಿನಲ್ಲೇ ಅವಳನ್ನು ಮನೆಗೆ ಬಿಡಲು ಬಂದ. ಊರು ಹೊಕ್ಕಲ್ಲಿಂದ ಮದುವೆ ದಿಬ್ಬಣದ ಹಾಗೆ ಹಾರ್ನ್ ಹೊಡೆಯುತ್ತಲೇ ಬಂದ.

ಹಾರ್ನ್ ಕೇಳಿ ಕಾಮೆನ್ ಮನೆಯ ಚಪ್ಪಲಿಯಲ್ಲೇ ಓಡಿ ಹೊರಬಂದ. ಮೊದಲ ಮೆಟ್ಟಿಲಿಗೇ ಕಾಲು ಜಾರಿತು. ಅವಳು ಕಾರಿನ ಬಾಗಿಲು ತೆರೆಯುವಾಗ ಅವನು ಅಂಗಳದಲ್ಲಿ ಮಲಗಿದ್ದ.

"ಪಾಸಾ?" ಎಂದ, ಬಿದ್ದಲ್ಲಿಂದಲೇ.

"ಪಾಸು ಕಣೋ, ಏಳು."

ಅವನು ನಕ್ಕ. ಏಳಲು ಮಾತ್ರ ಆಗಲಿಲ್ಲ.

ಬಲಗಡೆಯ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂಳೆ ಕೂಡಿಕೊಂಡರೂ ಕಾಲು ಹಿಂದಿನಂತಾಗಲಿಲ್ಲ. ಬ್ರೇಕ್ ಒತ್ತುವ ಕಾಲೇ ಅದು. ವಸಂತದಲ್ಲಿ ವೈದ್ಯರ ಮಂಡಳಿ ಅವನನ್ನು ಕೂರಿಸಿ, ನಿಲ್ಲಿಸಿ, ಕಾಲು ಮಡಿಸಿ ನೋಡಿ, ಇನ್ನು ಲಾರಿ ಬೇಡ ಎಂದಿತು. ಮೊದಲೆಲ್ಲ ಪಕ್ಕದ ಮನೆಯವರು, "ಜನವರೀಲಿ ಬಕೆಟ್ಟುಗಟ್ಟಲೆ ನೀರು ಸುರೀತಾರೇನಯ್ಯಾ?" ಎಂದು ಛೇಡಿಸುತ್ತಿದ್ದರು. ಆಮೇಲೆ ಅವರೂ ಬಿಟ್ಟರು. ನೆದ್ಯಾಲ್ಕಾ ಬೂದಿಯ ವಿಷಯ ಯಾರಿಗೂ ಹೇಳಲಿಲ್ಲ.

ಲಾರಿ ಅವಳಿಗಾಗಿ ಕಾದಿತ್ತು. ಬೇಕರಿಯ ಸಂಬಳದಲ್ಲಿ ಇಬ್ಬರ ಹೊಟ್ಟೆ, ಅವನ ಔಷಧಿ ಎರಡೂ ನಡೆಯುವಂತಿರಲಿಲ್ಲ. "ನಾನು ಹೋಗಲ್ಲ," ಎಂದಳು.

"ಹೋಗ್ದೆ ಏನು ಮಾಡ್ತೀಯ? ಕೋಳಿಗೂಡು ಬೀಳಿಸಿ ಕಲಿತ ವಿದ್ಯೆ ಅದು. ಕೋಳಿಗಳಿಗಾದ್ರೂ ಮರ್ಯಾದೆ ಕೊಡು."

ನಗಿಸಲೆಂದೇ ಹೇಳಿದ. ಇಬ್ಬರೂ ನಗಲಿಲ್ಲ.

ಹೊರಡುವ ದಿನ ಬಂದದ್ದು ಮೇ ತಿಂಗಳಲ್ಲಿ. ಪ್ಲಮ್ ಮರದ ಹೂವೆಲ್ಲ ಉದುರಿ ಪುಟ್ಟ ಕಾಯಿ ಕಟ್ಟಿತ್ತು. ಬಿಸಿಲು ಹೊಸ್ತಿಲ ಮೇಲೆ ಬಿದ್ದಿತ್ತು. ಅವಳು ಚೀಲ ಹೆಗಲಿಗೇರಿಸಿ ಬಾಗಿಲು ತೆರೆದಳು. ಕಾಮೆನ್ ಮೆಟ್ಟಿಲ ಕೊನೆಯಲ್ಲಿ ಊರುಗೋಲಿಗೆ ಆತು ನಿಂತಿದ್ದ. ಅವನ ಕೈಯಲ್ಲಿ ಚೊಂಬಿರಲಿಲ್ಲ, ಬರಿದಾದ ಬೂದಿಯ ಡಬ್ಬ ಇತ್ತು. ಬಗ್ಗಲಾರದವನು ಅದು ಹೇಗೆ ಮಾಡಿದನೋ, ಒಂದು ಮೆಟ್ಟಿಲನ್ನೂ ಬಿಡದೆ ದಪ್ಪಗೆ ಬೂದಿ ಹರಡಿದ್ದ.

"ಮೇ ತಿಂಗಳಲ್ಲಿ ಎಲ್ಲಿಯ ಹಿಮವೋ?" ಎಂದಳು.

"ಗೊತ್ತು. ಹೋಗು ನೀನು."

"ಒಂದು ಚೊಂಬು ನೀರು ಹಾಕೋ. ಒಂದೇ ಒಂದು."

"ಬೇಡ ಕಣೇ," ಎಂದ. "ನೀರು ಹಾಕೋದು ಬೇಡ."

ಅವಳು ಬೂದಿ ತುಳಿದು ಇಳಿದಳು. ಅವನ ಕೆನ್ನೆ ಮುಟ್ಟಿದಳು. ಹಿಂದಿರುಗಿ ನೋಡಲಿಲ್ಲ. ಲಾರಿ ಹತ್ತಿದಾಗ ಅವಳ ಬೂಟಿನ ಬೂದಿಯ ಗುರುತು ಕಾಲ್ಗೆಳಗಿನ ರಬ್ಬರಿನ ಮೇಲೆ ಮೂಡಿತು. ಅದನ್ನು ಒರೆಸಲಿಲ್ಲ. ಎರಡು ಹಾಸಿಗೆಗೂ ದಿಂಬು ಹಾಕಿದಳು. ಎರಡು ಹೆಸರಿನ ಫಲಕ ಗಾಜಿನ ಹಿಂದೆ ನಿಲ್ಲಿಸಿದಳು. ಮಲಗುವ ಜಾಗದ ಪರದೆ ಎಳೆದಳು.

ದಾನ್ಯೂಬ್ ಸೇತುವೆಯ ಹತ್ತಿರ ಲಾರಿಗಳ ಉದ್ದನೆಯ ಸಾಲು. ಪಕ್ಕದ ಸಾಲಿನಲ್ಲಿ ನಿಂತಿದ್ದ ಲಾರಿಯಿಂದ ಹಾಡು ಮೊಳಗುತ್ತಿತ್ತು. ಕಿಟಕಿಯಿಂದ ಒಂದು ಬೋಳು ತಲೆ ಹೊರಬಂತು. ಫ್ಲೋರೋ, ಕಾಮೆನನ ಹಳೆಯ ಸ್ನೇಹಿತ. ವರ್ಷಕ್ಕೂ ಮೇಲೆ ಬೇರೆ ದೇಶದ ಕಂಪನಿಯಲ್ಲಿದ್ದು ಈಗಷ್ಟೇ ಮರಳಿದವನು. ಫಲಕ ಓದಿ ಅವನ ಮುಖ ಅರಳಿತು.

"ಅತ್ತಿಗೆ! ನೀನೇನಾ? ಅಂತೂ ಜೋಡಿ ಹೊರಟ್ರಿ! ವರ್ಷಗಟ್ಟಲೆ ಇದೊಂದೇ ಮಾತು ಆಡ್ತಿದ್ದ ಕಣಮ್ಮಾ ಅವನು. ಎಲ್ಲಿ ನಮ್ಮ ಮಹಾರಾಜ?"

ನೆದ್ಯಾಲ್ಕಾ ಪರದೆಯತ್ತ ಒಮ್ಮೆ ನೋಡಿದಳು.

"ಹಿಂದೆ ಮಲಗಿದ್ದಾನೆ ಫ್ಲೋರೋ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ!" ಎಂದು ಅವನು ದನಿ ತಗ್ಗಿಸಿ, ಕೈ ಚಾಚಿ ತನ್ನ ಹಾಡು ನಿಲ್ಲಿಸಿದ.